ಕತ್ತಲಾದಾಗ ಓಡಬೇಕಾದ ಇಂಜಿನ್

ಕೈಗಾದ ಅಣು ವಿದ್ಯುತ್ ಸ್ಥಾವರದಲ್ಲಿ ಡೀಸೆಲ್ ಇಂಜಿನ್‌ಗಳಿವೆ ಎಂದು ನಾನು ಹೇಳಿದಾಗ ನಮ್ಮ ತರಗತಿಯ ಗೆಳೆಯರು ನಕ್ಕರು. ಊರಿಗೆಲ್ಲ ಕರೆಂಟು ಕೊಡುವವರಿಗೆ ಜನರೇಟರ್ ಯಾತಕ್ಕೆ? ಮದುವೆ ಮಂಟಪದ ಹಿಂದೆ ಗುಡುಗುಡು ಸದ್ದು ಮಾಡಿ ಹೊಗೆ ಬಿಡುವ ಜಾತಿಯ ಇಂಜಿನ್ಕೂ ಯುರೇನಿಯಂಗೂ ಏನು ಸಂಬಂಧ? ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ಒಂದು ವಿಷಯ ನನ್ನನ್ನು ಬೆರಗಾಗಿಸಿತು. ಅಣು ಸ್ಥಾವರದ ಸುರಕ್ಷತೆಯ ಬಗ್ಗೆ ಓದುವವರು ರಿಯಾಕ್ಟರಿನಷ್ಟೇ ಗಮನವನ್ನು ಈ ಡೀಸೆಲ್ ಇಂಜಿನ್ಕೂ ಕೊಡಬೇಕಾಗುತ್ತದೆ. ಆ ಇಂಜಿನ್ನಿನೊಳಗಿನ ಒಂದು ತೆಳ್ಳನೆಯ ಬೇರಿಂಗ್ ಶೆಲ್ ಕೆಟ್ಟರೆ ಒಂದು ದೇಶದ ಅಣು ಸುರಕ್ಷತಾ ಮಂಡಳಿ ಅದನ್ನು ಊರಿಗೆಲ್ಲ ಸಾರಿ ಹೇಳಬೇಕಾಗುತ್ತದೆ.

ಮೊದಲು ಕೈಗಾ. ಉತ್ತರ ಕನ್ನಡ ಜಿಲ್ಲೆಯಲ್ಲಿ, ಕಾಳಿ ನದಿಯ ದಂಡೆಯ ಕಾಡಿನೊಳಗೆ, ಕದ್ರಾ ಅಣೆಕಟ್ಟಿನ ಹಿನ್ನೀರಿನ ಹತ್ತಿರ ಈ ಸ್ಥಾವರ ಇದೆ. ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳು. ಮೊದಲ ಎರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ಉತ್ಪಾದನೆಗೆ ಬಂದವು. ಇಲ್ಲಿಯ ಒಂದನೇ ಘಟಕ ಒಮ್ಮೆಯೂ ನಿಲ್ಲದೆ 962 ದಿನ ಓಡಿ 2018ರ ಡಿಸೆಂಬರ್ 31ರಂದು ನಿಂತಾಗ ಅದು ಜಗತ್ತಿನ ದಾಖಲೆಯಾಗಿತ್ತು. ಇದೇ ಕೈಗಾಕ್ಕೆ ಇನ್ನೊಂದು ಮುಖವೂ ಇದೆ. 1994ರ ಮೇ 13ರಂದು, ಸ್ಥಾವರ ಇನ್ನೂ ಕಟ್ಟುತ್ತಿದ್ದಾಗ, ಒಂದನೇ ಘಟಕದ ಒಳ ಗುಮ್ಮಟದ ಕಾಂಕ್ರೀಟು ಪದರ ಕಳಚಿ ಕೆಳಗೆ ಬಿತ್ತು, ಕೆಲಸಗಾರರು ಗಾಯಗೊಂಡರು. ಆಗ ಯುರೇನಿಯಂ ಇನ್ನೂ ಒಳಗೆ ಬಂದಿರಲಿಲ್ಲ, ಅದು ಪುಣ್ಯ. ಆಮೇಲೆ ವಿನ್ಯಾಸ ಬದಲಿಸಿ ಗುಮ್ಮಟವನ್ನು ಮತ್ತೆ ಕಟ್ಟಿದರು. ಶಿವರಾಮ ಕಾರಂತರು ಕೈಗಾ ಯೋಜನೆಯನ್ನು ವಿರೋಧಿಸಿ 1989ರಲ್ಲಿ ಆ ಕಡೆಯಿಂದ ಲೋಕಸಭೆಗೆ ನಿಂತು ಸೋತಿದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ನಾನು ಇಲ್ಲಿ ಅಣುಶಕ್ತಿ ಬೇಕೋ ಬೇಡವೋ ಎಂಬ ವಾದಕ್ಕೆ ಇಳಿಯುವುದಿಲ್ಲ. ಅದು ಇದೆ, ಇರುವುದು ಹೇಗೆ ಕೆಡಬಹುದು, ಕೆಡದಂತೆ ಹೇಗೆ ನೋಡಿಕೊಳ್ಳುತ್ತಾರೆ ಎಂಬುದಷ್ಟೇ ನನ್ನ ವಿಷಯ.

ಈಗ ಡೀಸೆಲ್ ಯಾಕೆ ಎಂಬುದಕ್ಕೆ ಬರೋಣ. ನಮ್ಮ ಭಾಗದಲ್ಲಿ ಬೆಲ್ಲದ ಗಾಣ ನೋಡದವರಿಲ್ಲ. ಕೊಪ್ಪರಿಗೆಯ ಕೆಳಗೆ ಒಲೆಗೆ ಕಬ್ಬಿನ ಸಿಪ್ಪೆ ತುಂಬುವುದನ್ನು ನಿಲ್ಲಿಸಿದ ಕೂಡಲೇ ಕುದಿ ನಿಲ್ಲುವುದಿಲ್ಲ. ಕೆಂಡ ಇರುವ ತನಕ ರಸ ಕೊತಕೊತ ಎನ್ನುತ್ತಲೇ ಇರುತ್ತದೆ. ರಿಯಾಕ್ಟರ್ ಹಾಗೆಯೇ. ನಿಯಂತ್ರಣ ಸರಳುಗಳನ್ನು ಒಳಗೆ ಬಿಟ್ಟರೆ ಯುರೇನಿಯಂ ಪರಮಾಣು ಒಡೆಯುವ ಸರಪಳಿ ಕ್ರಿಯೆ ಕೆಲವೇ ಸೆಕೆಂಡುಗಳಲ್ಲಿ ನಿಲ್ಲುತ್ತದೆ. ಆದರೆ ಅಲ್ಲಿಯವರೆಗೆ ಒಡೆದ ಪರಮಾಣುಗಳ ಚೂರುಗಳು ಸುಮ್ಮನಿರುವುದಿಲ್ಲ. ಅವು ವಿಕಿರಣ ಹೊರಬಿಡುತ್ತ, ತಾವೇ ಬಿಸಿಯಾಗುತ್ತ ಹೋಗುತ್ತವೆ. ಗಾಣದ ಕೆಂಡವನ್ನು ನೀರು ಹಾಕಿ ಆರಿಸಬಹುದು, ಸಲಿಕೆಯಿಂದ ಹೊರಗೆ ಎಳೆದು ಹಾಕಬಹುದು. ಈ ಕೆಂಡವನ್ನು ಆರಿಸುವ ವಿದ್ಯೆ ಯಾರ ಬಳಿಯೂ ಇಲ್ಲ. ಅದು ತಾನಾಗಿಯೇ ತಣ್ಣಗಾಗುವ ತನಕ ಅದರ ಬಿಸಿಯನ್ನು ನೀರಿನಿಂದ ಹೊತ್ತು ಹೊರಗೆ ಸಾಗಿಸುತ್ತಿರಬೇಕು, ಅಷ್ಟೇ ದಾರಿ.

ಎಷ್ಟು ಬಿಸಿ? ಲೆಕ್ಕ ಹಾಕಿ ನೋಡಿದೆ. 220 ಮೆಗಾವ್ಯಾಟ್ ಕರೆಂಟು ಕೊಡುವ ಘಟಕದ ಒಳಗೆ ಹುಟ್ಟುವ ಶಾಖ ಸುಮಾರು 750 ಮೆಗಾವ್ಯಾಟ್. ನಿಲ್ಲಿಸಿದ ಕ್ಷಣದಲ್ಲಿ ಅದರ ಶೇ. 6ರಿಂದ 7ರಷ್ಟು ಉಳಿದಿರುತ್ತದೆ, ಅಂದರೆ 50 ಮೆಗಾವ್ಯಾಟಿನ ಆಸುಪಾಸು. ಒಂದು ಗಂಟೆಯ ನಂತರ ಶೇ. ಒಂದೂವರೆ, ಅಂದರೆ ಸುಮಾರು 11 ಮೆಗಾವ್ಯಾಟ್. ಒಂದು ದಿನದ ನಂತರವೂ ಶೇ. ಅರ್ಧದಷ್ಟು, ಅಂದರೆ 4 ಮೆಗಾವ್ಯಾಟಿಗೆ ಹತ್ತಿರ. 11 ಮೆಗಾವ್ಯಾಟ್ ಎಂದರೆ ಎಷ್ಟೆಂದು ಸುಲಭವಾಗಿ ತಿಳಿಯಬೇಕಾದರೆ ಹೀಗೆ ನೋಡಿ: ನಮ್ಮ ಮದುವೆಗಳಿಗೆ ತರಿಸುವ 5,000 ಲೀಟರಿನ ನೀರಿನ ಟ್ಯಾಂಕರು ಇದೆಯಲ್ಲ, ಅಂಥ ಮೂರು ಟ್ಯಾಂಕರು ನೀರನ್ನು ಅದು ಒಂದೇ ಗಂಟೆಯಲ್ಲಿ ಪೂರ್ತಿ ಆವಿ ಮಾಡಿಬಿಡುತ್ತದೆ. ನೀರಿನ ಗುಪ್ತೋಷ್ಣ ಕಿಲೋಗ್ರಾಂಗೆ 2,260 ಕಿಲೋಜೌಲ್ ಎಂದು ನಾವು ಬಾಯಿಪಾಠ ಮಾಡಿದ್ದೇವಲ್ಲ, ಅದೇ ಸಂಖ್ಯೆಯಿಂದ ಈ ಲೆಕ್ಕ ಬರುತ್ತದೆ. ಬೇಕಾದವರು ಮಾಡಿ ನೋಡಬಹುದು.

ಆ ನೀರನ್ನು ತಳ್ಳಲು ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಸ್ಥಾವರ ಓಡುತ್ತಿರುವಾಗ ಕರೆಂಟಿಗೆ ಕೊರತೆಯಿಲ್ಲ. ಆದರೆ ರಿಯಾಕ್ಟರ್ ನಿಂತು, ಅದೇ ಹೊತ್ತಿಗೆ ಹೊರಗಿನ ಹೈಟೆನ್ಷನ್ ಲೈನೂ ಹೋದರೆ? ನಮ್ಮ ದೇಶದ ಭಾರಜಲ ರಿಯಾಕ್ಟರುಗಳಲ್ಲಿ ಇದಕ್ಕಾಗಿ ವಿದ್ಯುತ್ತನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದ್ದಾರೆ. ನಾಲ್ಕನೆಯದು ಗ್ರಿಡ್ಡಿನಿಂದ ಅಥವಾ ಸ್ವಂತ ಟರ್ಬೈನಿನಿಂದ ಬರುವ ಮಾಮೂಲಿ ಕರೆಂಟು. ಅದು ಹೋದರೆ ಮೂರನೆಯದು, ಡೀಸೆಲ್ ಜನರೇಟರಿನದು. ಡೀಸೆಲ್ ಚಾಲೂ ಆಗುವ ತನಕದ ಅಂತರದಲ್ಲಿಯೂ ಮೀಟರುಗಳು, ಕಂಪ್ಯೂಟರುಗಳು ಸಾಯಬಾರದು. ಅವಕ್ಕೆ ಬ್ಯಾಟರಿ ಮತ್ತು ಇನ್ವರ್ಟರಿನ ಮೊದಲ ಎರಡು ದರ್ಜೆಗಳು. ನಮ್ಮ ಮನೆಯ ಇನ್ವರ್ಟರ್ ಬಲ್ಬು ಫ್ಯಾನು ನಡೆಸುತ್ತದೆ, ಬೋರಿನ ಮೋಟಾರು ನಡೆಸುವುದಿಲ್ಲ. ಅಲ್ಲಿಯೂ ಅದೇ ಕತೆ. ದೊಡ್ಡ ಪಂಪುಗಳ ಭಾರ ಹೊರುವುದು ಡೀಸೆಲ್ಲೇ.

ಈ ಡೀಸೆಲ್ ನಮ್ಮ ಹೊಳೆ ದಂಡೆಯ ಇಂಜಿನ್ನಿನ ಹಾಗೆ ಹ್ಯಾಂಡಲ್ ತಿರುವಿ ಚಾಲೂ ಮಾಡುವಂಥದ್ದಲ್ಲ. ಒತ್ತಡದ ಗಾಳಿಯನ್ನು ಸಿಲಿಂಡರಿಗೆ ಬಿಟ್ಟು ತಿರುಗಿಸುತ್ತಾರೆ. ಕರೆಂಟು ಹೋದ ಹತ್ತು ಸೆಕೆಂಡಿನೊಳಗೆ ಅದು ತಾನಾಗಿಯೇ ಎದ್ದು ಪೂರ್ಣ ವೇಗಕ್ಕೆ ಬರಬೇಕು ಎಂಬುದು ಅನೇಕ ಸ್ಥಾವರಗಳ ಲೆಕ್ಕ. ಸಾವಿರಾರು ಕಿಲೋವ್ಯಾಟಿನ, ಮನೆಯಷ್ಟು ದೊಡ್ಡ ಯಂತ್ರ ಹತ್ತು ಸೆಕೆಂಡಿನಲ್ಲಿ! ಹಾಗಾಗಿ ಅದರ ಮೈಯನ್ನು ಹೀಟರ್ ಹಾಕಿ ಸದಾ ಬೆಚ್ಚಗಿಟ್ಟಿರುತ್ತಾರೆ, ಎಣ್ಣೆ ತಿರುಗಿಸುತ್ತಿರುತ್ತಾರೆ. ವರ್ಷದಲ್ಲಿ ಪರೀಕ್ಷೆಗೆಂದು ಓಡುವುದೇ ಹೆಚ್ಚು, ನಿಜವಾದ ಕೆಲಸಕ್ಕೆ ಓಡುವ ಸಂದರ್ಭ ಅಪರೂಪ. ನಮ್ಮ ಕಡೆಯ ಒಂದು ನಂಟನ್ನೂ ಹೇಳಬೇಕು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, 1910ರಲ್ಲಿ ಸಾಂಗಲಿ ಕಡೆಯ ಕಿರ್ಲೋಸ್ಕರವಾಡಿಗೆ ಹೋಗಿ ಕಾರ್ಖಾನೆ ಕಟ್ಟಿದರು. ಆ ಮನೆತನದ ಇಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಶುರುವಾಯಿತು. ಇವತ್ತು ಭಾರತದ ಅಣು ಸ್ಥಾವರಗಳಿಗೆ ಡೀಸೆಲ್ ಜನರೇಟರ್ ಒದಗಿಸುವವರಲ್ಲಿ ಅದೂ ಒಂದು.

ನಮ್ಮ ದೇಶದಲ್ಲಿ ಇಂಥ ಕತ್ತಲೆ ಒಮ್ಮೆ ನಿಜವಾಗಿಯೂ ಬಂದಿತ್ತು. ಉತ್ತರ ಪ್ರದೇಶದ ನರೋರಾದಲ್ಲಿ, 1993ರ ಮಾರ್ಚ್ 31ರ ನಸುಕಿನಲ್ಲಿ, ಒಂದನೇ ಘಟಕದ ಟರ್ಬೈನಿನ ಕೊನೆಯ ಹಂತದ ಎರಡು ಬ್ಲೇಡುಗಳು ಮುರಿದವು. ವೇಗವಾಗಿ ತಿರುಗುವ ಚಕ್ರದಲ್ಲಿ ಒಂದು ಕಡೆಯ ತೂಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಹೇಳಬೇಕಿಲ್ಲ. ಇಡೀ ಯಂತ್ರ ಅದುರಿ, ಜನರೇಟರನ್ನು ತಣಿಸಲು ತುಂಬಿದ್ದ ಹೈಡ್ರೋಜನ್ ಸೋರಿ ಹೊತ್ತಿಕೊಂಡಿತು, ಎಣ್ಣೆಯೂ ಹತ್ತಿತು. ಬೆಂಕಿ ಕೇಬಲ್ಲುಗಳ ಮೇಲೆ ಓಡಿತು. ಮಾಮೂಲಿ ಕರೆಂಟಿನ ಕೇಬಲ್ಲೂ ಆಪತ್ಕಾಲದ ಕರೆಂಟಿನ ಕೇಬಲ್ಲೂ ನಡುವೆ ಬೆಂಕಿ ತಡೆಯುವ ಗೋಡೆಯಿಲ್ಲದೆ ಅಕ್ಕಪಕ್ಕದಲ್ಲಿ ಹೋಗಿದ್ದವು, ಎರಡೂ ಸುಟ್ಟವು. ಡೀಸೆಲ್ ಇದ್ದೂ ಅದರ ಕರೆಂಟು ಪಂಪಿಗೆ ಮುಟ್ಟಲಿಲ್ಲ. ಸುಮಾರು 17 ಗಂಟೆ ಘಟಕ ಕತ್ತಲಲ್ಲಿತ್ತು. ಕಂಟ್ರೋಲ್ ರೂಮಿಗೆ ಹೊಗೆ ತುಂಬಿ ಅಲ್ಲಿಂದ ಹೊರಬರಬೇಕಾಯಿತು. ಸಿಬ್ಬಂದಿ ಟಾರ್ಚು ಹಿಡಿದು ಮೇಲೆ ಹತ್ತಿ, ಕೈಯಿಂದಲೇ ವಾಲ್ವು ತೆರೆದು, ಸರಪಳಿ ಕ್ರಿಯೆ ಮತ್ತೆ ತಲೆಯೆತ್ತದಂತೆ ಬೋರಾನ್ ದ್ರಾವಣವನ್ನು ರಿಯಾಕ್ಟರಿಗೆ ಬಿಟ್ಟರು.

ಉಳಿಸಿದ್ದು ಎರಡು ಸಂಗತಿಗಳು. ಒಂದು, ಭೌತಶಾಸ್ತ್ರ: ಭಾರಜಲ ರಿಯಾಕ್ಟರಿನಲ್ಲಿ ಉಗಿ ತಯಾರಿಸುವ ಪಾತ್ರೆಗಳು ರಿಯಾಕ್ಟರಿಗಿಂತ ಎತ್ತರದಲ್ಲಿರುತ್ತವೆ. ಬಿಸಿ ನೀರು ಹಗುರಾಗಿ ಮೇಲೇರುತ್ತದೆ, ಅಲ್ಲಿ ತಣಿದು ಭಾರವಾಗಿ ಕೆಳಗಿಳಿಯುತ್ತದೆ; ಪಂಪು ನಿಂತರೂ ನೀರು ತಾನೇ ಸುತ್ತುತ್ತದೆ. ಮನೆಯ ಮೇಲಿನ ಸೋಲಾರ್ ಹೀಟರಿನಲ್ಲಿ ನಡೆಯುವುದೂ ಇದೇ. ಇನ್ನೊಂದು, ಬೆಂಕಿ ಆರಿಸುವ ನೀರಿನ ಪಂಪು. ಅದಕ್ಕೆ ಕರೆಂಟೇ ಬೇಕಿರಲಿಲ್ಲ. ಡೀಸೆಲ್ ಇಂಜಿನ್ನೇ ನೇರವಾಗಿ ತಿರುಗಿಸುತ್ತಿತ್ತು, ನಮ್ಮ ಹೊಳೆಯ ದಂಡೆಯ ಪಂಪ್‌ಸೆಟ್ಟಿನ ಹಾಗೆ. ಆ ನೀರನ್ನು ಉಗಿ ಪಾತ್ರೆಗೆ ತಿರುಗಿಸಿ ರಿಯಾಕ್ಟರಿನ ಬಿಸಿ ತೆಗೆದರು. ವಿಕಿರಣ ಹೊರಗೆ ಸೋರಲಿಲ್ಲ. ಅಂತರರಾಷ್ಟ್ರೀಯ ಏಳು ಮೆಟ್ಟಿಲಿನ ಅಳತೆಯಲ್ಲಿ ಈ ಘಟನೆಗೆ ಮೂರನೇ ಮೆಟ್ಟಿಲು ಕೊಟ್ಟರು. ಅಲ್ಲಿಂದೀಚೆ ಉಳಿದ ಸ್ಥಾವರಗಳಲ್ಲೂ ಬ್ಲೇಡುಗಳ ವಿನ್ಯಾಸ ಬದಲಾಯಿತು, ಕೇಬಲ್ಲುಗಳ ನಡುವೆ ಅಂತರ ಬಂತು.

ನರೋರಾದಲ್ಲಿ ಡೀಸೆಲ್ಲಿನ ತಪ್ಪಿರಲಿಲ್ಲ. ಡೀಸೆಲ್ಲೇ ತಪ್ಪಿದ ಕತೆ ಅಮೆರಿಕದ್ದು, ಮತ್ತು ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ.

ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಶೋರ್‌ಹ್ಯಾಮ್ ಎಂಬ ಅಣು ಸ್ಥಾವರ ಕಟ್ಟಿದ್ದರು. ಅಲ್ಲಿಗೆ ಟ್ರಾನ್ಸಮೆರಿಕಾ ಡೆಲಾವಲ್ ಎಂಬ ಕಂಪನಿಯ ಮೂರು ಡೀಸೆಲ್ ಇಂಜಿನ್ ತಂದರು. ಒಂದೊಂದೂ 3,500 ಕಿಲೋವ್ಯಾಟ್, ಸಾಲಾಗಿ ಎಂಟು ಸಿಲಿಂಡರು. ಸ್ಥಾವರ ಚಾಲೂ ಆಗುವ ಮುಂಚೆ ಪರೀಕ್ಷೆಗೆ ಓಡಿಸುತ್ತಿದ್ದಾಗ, 1983ರ ಆಗಸ್ಟ್ 12ರಂದು, ಒಂದು ಇಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಎರಡು ತುಂಡಾಯಿತು. ಬೆರಳು ದಪ್ಪದ್ದಲ್ಲ, 11 ಇಂಚು ದಪ್ಪದ ಉಕ್ಕು. ಉಳಿದ ಎರಡು ಇಂಜಿನ್ ಬಿಚ್ಚಿ ನೋಡಿದರೆ ಅವುಗಳ ಶಾಫ್ಟಿನಲ್ಲೂ ಬಿರುಕು ಬಂದಿತ್ತು.

ಉಕ್ಕು ಹೇಗೆ ಮುರಿಯಿತು? ಒಂದು ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯುವುದಿಲ್ಲ. ಆ ಕಡೆ ಈ ಕಡೆ ಇಪ್ಪತ್ತು ಸಲ ಬಗ್ಗಿಸಿದರೆ ಟಕ್ಕನೆ ಮುರಿಯುತ್ತದೆ. ಲೋಹದ ದಣಿವು ಎನ್ನುತ್ತಾರೆ. ಡೀಸೆಲ್ಲಿನ ಒಂದೊಂದು ಸಿಲಿಂಡರು ಹೊಡೆದಾಗಲೂ ಶಾಫ್ಟು, ಒಗೆದ ಬಟ್ಟೆ ಹಿಂಡಿದ ಹಾಗೆ, ಕೂದಲೆಳೆಯಷ್ಟು ತಿರುಚಿಕೊಂಡು ಮತ್ತೆ ಸರಿಯಾಗುತ್ತದೆ. ಈ ಇಂಜಿನ್ ನಿಮಿಷಕ್ಕೆ 450 ಸುತ್ತು ತಿರುಗುತ್ತಿತ್ತು. ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರು ಹೊಡೆಯುತ್ತದೆ. ಎಂಟು ಸಿಲಿಂಡರಿಗೆ ನಿಮಿಷಕ್ಕೆ 1,800 ಹೊಡೆತ, ಗಂಟೆಗೆ ಒಂದು ಲಕ್ಷಕ್ಕೂ ಮೇಲೆ. ಅಷ್ಟು ಸಲ ತಿರುಚಿಕೊಳ್ಳಲು ಆ ಶಾಫ್ಟು ಸಾಕಷ್ಟು ದಪ್ಪ ಇರಲಿಲ್ಲ. ಆಮೇಲೆ ಹಾಕಿದ ಹೊಸ ಶಾಫ್ಟಿನ ಕ್ರ್ಯಾಂಕ್‌ಪಿನ್ 12 ಇಂಚು. ಒಂದೇ ಇಂಚು ಹೆಚ್ಚು ಅನಿಸಬಹುದು. ಆದರೆ ತಿರುಚನ್ನು ತಾಳುವ ಶಕ್ತಿ ವ್ಯಾಸದ ಘನಕ್ಕೆ ಅನುಪಾತವಾಗಿ ಏರುತ್ತದೆ. 12ರ ಘನವನ್ನು 11ರ ಘನದಿಂದ ಭಾಗಿಸಿ, ಶೇ. 30ರಷ್ಟು ಹೆಚ್ಚು ಬಲ ಬಂತು.

ಶಾಫ್ಟಿನದು ವಿನ್ಯಾಸದ ದೋಷ, ಅಂದರೆ ಕಾಗದದ ಮೇಲೆಯೇ ಆದ ತಪ್ಪು. ಆದರೆ ಬಿಚ್ಚುತ್ತ ಹೋದಂತೆ ತಯಾರಿಕೆಯ ದೋಷಗಳೂ ಒಂದೊಂದಾಗಿ ಹೊರಬಿದ್ದವು. ಸಿಲಿಂಡರ್ ಹೆಡ್ಡುಗಳಲ್ಲಿ ಬಿರುಕು, ಪಿಸ್ಟನ್ನಿನ ಕೆಳಭಾಗದಲ್ಲಿ ಬಿರುಕು, ಕನೆಕ್ಟಿಂಗ್ ರಾಡಿನ ಬೇರಿಂಗಿನಲ್ಲಿ ಬಿರುಕು. ಹೆಡ್ಡಿನ ಬಿರುಕಿನಿಂದ ತಣಿಸುವ ನೀರು ಸಿಲಿಂಡರಿನೊಳಗೆ ಇಳಿದರೆ ಏನಾಗುತ್ತದೆ ಎಂದು ಇಂಜಿನ್ ಕೆಲಸ ಬಲ್ಲವರನ್ನು ಕೇಳಿ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಪಿಸ್ಟನ್ ಮೇಲೆ ಬಂದು ನೀರಿಗೆ ಗುದ್ದಿದರೆ ರಾಡ್ ಬಾಗುತ್ತದೆ. ಅದಕ್ಕೇ ಇಂಥ ಇಂಜಿನ್ನನ್ನು ಚಾಲೂ ಮಾಡುವ ಮೊದಲು ಡೀಸೆಲ್ ಬಿಡದೆ ಬರೀ ಗಾಳಿಯಿಂದ ಒಂದೆರಡು ಸುತ್ತು ತಿರುಗಿಸಿ, ನೀರು ಚಿಮ್ಮುತ್ತದೆಯೋ ಎಂದು ನೋಡುವ ರೂಢಿ ಬಂತು.

ಅದರಲ್ಲೂ ಒಂದು ಇಂಜಿನ್ನಿನ ಬ್ಲಾಕಿನ ಕತೆ ಬೇರೆ. ಎರಕದ ಕಬ್ಬಿಣದೊಳಗೆ ಇಂಗಾಲ ಗ್ರಾಫೈಟಿನ ಸಣ್ಣ ಹಲ್ಲೆಗಳಾಗಿ ಕೂತಿರುತ್ತದೆ. ಆ ಹಲ್ಲೆಗಳ ಆಕಾರ ಸರಿಯಿದ್ದರೆ ಕಬ್ಬಿಣ ಗಟ್ಟಿ. ಈ ಬ್ಲಾಕಿನಲ್ಲಿ ಗ್ರಾಫೈಟು ಕೆಟ್ಟ ಆಕಾರದಲ್ಲಿ, ಮುಳ್ಳುಮುಳ್ಳಾಗಿ ಬೆಳೆದಿತ್ತು. ಕಬ್ಬಿಣದ ಬಲ ಕುಗ್ಗಿತ್ತು. ಕರಗಿಸುವ ಗುಜರಿಯಲ್ಲಿ ಸೀಸದ ಅಂಶ ಚೂರೇ ಚೂರು ಸೇರಿದರೂ ಇಂಥ ಗ್ರಾಫೈಟು ಹುಟ್ಟಬಹುದು ಎಂದು ಎರಕದ ಶಾಸ್ತ್ರ ಹೇಳುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಬ್ಲಾಕು ಒಂದೇ ಬಣ್ಣ, ಒಂದೇ ತೂಕ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮಾತ್ರ ವ್ಯತ್ಯಾಸ.

ಅದೇ ಕಂಪನಿಯ ಇಂಜಿನ್ ಕೊಂಡಿದ್ದ ಹತ್ತಕ್ಕೂ ಹೆಚ್ಚು ವಿದ್ಯುತ್ ಸಂಸ್ಥೆಗಳು ಸೇರಿ ಒಂದು ಗುಂಪು ಕಟ್ಟಿ, ಒಂದೊಂದು ಭಾಗವನ್ನೂ ಮತ್ತೆ ಪರೀಕ್ಷಿಸಿದವು. ದುರಸ್ತಿಯಾದ ಇಂಜಿನ್‌ಗಳು ಹಲವು ಸ್ಥಾವರಗಳಲ್ಲಿ ಮುಂದೆ ವರ್ಷಗಟ್ಟಲೆ ಸೇವೆಯಲ್ಲಿ ಉಳಿದವು. ಶೋರ್‌ಹ್ಯಾಮ್ ಮಾತ್ರ ವ್ಯಾಪಾರಕ್ಕೆಂದು ಕರೆಂಟು ಮಾಡಲೇ ಇಲ್ಲ. ಅಪಘಾತವಾದರೆ ಆ ದ್ವೀಪದಿಂದ ಜನರನ್ನು ಹೇಗೆ ಹೊರಗೆ ಸಾಗಿಸುವುದು ಎಂಬ ಪ್ರಶ್ನೆಗೆ ಒಪ್ಪುವಂಥ ಉತ್ತರ ಸಿಗದೆ, 1989ರಲ್ಲಿ ಅದನ್ನು ಮುಚ್ಚಲು ಒಪ್ಪಂದವಾಯಿತು.

ಬೇರಿಂಗ್ ಶೆಲ್ಲಿನ ಮಾತು ಮೊದಲೇ ಎತ್ತಿದ್ದೆ. ನನ್ನ ಚಾಚಾ ಹೊಳೆ ದಂಡೆಯ ಇಂಜಿನ್, ಟ್ರ್ಯಾಕ್ಟರ್ ಬಿಚ್ಚಿ ಕಟ್ಟುವ ಮಿಸ್ತ್ರಿ. ಅವರ ಹತ್ತಿರ ಹಳೆಯ ಶೆಲ್ಲುಗಳ ಒಂದು ಡಬ್ಬಿಯೇ ಇದೆ. ಕನೆಕ್ಟಿಂಗ್ ರಾಡು ಕ್ರ್ಯಾಂಕನ್ನು ಹಿಡಿಯುವ ಜಾಗದಲ್ಲಿ ಎರಡು ಅರ್ಧಚಂದ್ರದ ತೆಳು ತಗಡು ಕೂರುತ್ತವೆ, ಅವೇ ಶೆಲ್ಲು. ಬೆನ್ನಿಗೆ ಉಕ್ಕು, ಅದರ ಮೇಲೆ ತಾಮ್ರ ಮಿಶ್ರಲೋಹದ ಪದರ, ಎಲ್ಲಕ್ಕಿಂತ ಮೇಲೆ ಬೂದು ಬಣ್ಣದ ಮೆತ್ತನೆಯ ತೆಳು ಲೇಪ. ಓಡುವಾಗ ಶಾಫ್ಟು ಇದನ್ನು ಮುಟ್ಟುವುದೇ ಇಲ್ಲ, ನಡುವೆ ಎಣ್ಣೆಯ ಪೊರೆ ಇರುತ್ತದೆ. ಒಮ್ಮೆ ಒಬ್ಬ ರೈತರಿಗೆ ಶೆಲ್ಲು ತೋರಿಸಿ ಚಾಚಾ ಹೇಳುತ್ತಿದ್ದರು: "ಅಣ್ಣಾರ, ನೋಡ್ರಿ, ತಾಮ್ರ ಕಾಣಾಕ ಹತ್ತೈತಿ. ಶೆಲ್ ಮುಗದಾವು. ಇನ್ನ ಎಂಟ ದಿನ ಹಿಂಗ ಓಡಿಸಿದ್ರ ಕ್ರ್ಯಾಂಕನ ಹೊಕ್ಕೈತಿ." ಆ ರೈತರು, "ಹೋದ ವರ್ಷ ಹಾಕಿದ್ದಲ್ಲೋ ಮಿಸ್ತ್ರಿ?" ಎಂದರು. ಚಾಚಾ ಅದಕ್ಕೆ, "ಹಾಕಿದ್ದು ನಾನ ರೀ. ಮಾಡಿದ್ದು ನಾ ಅಲ್ಲ" ಎಂದರು. ಹಾಕಿದವನ ಕೈ ಸರಿಯಿದ್ದರೂ ಮಾಡಿದವನ ಕೈ ಸರಿಯಿಲ್ಲದಿದ್ದರೆ ತಾಮ್ರ ಬೇಗ ಕಾಣುತ್ತದೆ.

ಫ್ರಾನ್ಸಿನಲ್ಲಿ ಆದದ್ದು ಇದೇ. ಅಲ್ಲಿಯ 900 ಮೆಗಾವ್ಯಾಟಿನ ಹಲವು ರಿಯಾಕ್ಟರುಗಳ ಆಪತ್ಕಾಲದ ಡೀಸೆಲ್ಲುಗಳಿಗೆ ಹಳೆಯದರ ಬದಲು ಹೊಸ ಬಗೆಯ ಶೆಲ್ಲು ಹಾಕಿದ್ದರು. ಅವು ಬಾಳಬೇಕಾದಷ್ಟು ಬಾಳದೆ ಬೇಗ ಸವೆಯುತ್ತಿವೆ ಎಂಬುದು ಪತ್ತೆಯಾಯಿತು. 2011ರ ಫೆಬ್ರವರಿಯಲ್ಲಿ ಅಲ್ಲಿಯ ಅಣು ಸುರಕ್ಷತಾ ಮಂಡಳಿ ಇದನ್ನು ಬಹಿರಂಗವಾಗಿ ಪ್ರಕಟಿಸಿತು. ಬಹುತೇಕ ರಿಯಾಕ್ಟರುಗಳಿಗೆ ಅಳತೆಯ ಒಂದನೇ ಮೆಟ್ಟಿಲು, ಆದರೆ ತ್ರಿಕಾಸ್ತಾಂ ಎಂಬಲ್ಲಿಯ ಮೂರು ಮತ್ತು ನಾಲ್ಕನೇ ರಿಯಾಕ್ಟರುಗಳಿಗೆ ಎರಡನೇ ಮೆಟ್ಟಿಲು. ಶೆಲ್ಲು ಒಂದೇ, ದೋಷ ಒಂದೇ. ಮೆಟ್ಟಿಲು ಬೇರೆ ಯಾಕೆ?

ಉತ್ತರ ನಮ್ಮ ದ್ವಿತೀಯ ಪಿಯುಸಿ ಗಣಿತದ ಸಂಭವನೀಯತೆಯ ಪಾಠದಲ್ಲಿದೆ. ಅಲ್ಲಿ ಒಂದೊಂದು ರಿಯಾಕ್ಟರಿಗೆ ಎರಡು ಆಪತ್ಕಾಲದ ಡೀಸೆಲ್. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು. ಉದಾಹರಣೆಗೆ, ಒಂದು ಇಂಜಿನ್ 100 ಸಲದಲ್ಲಿ ಒಮ್ಮೆ ಚಾಲೂ ಆಗದು ಎಂದಿಟ್ಟುಕೊಳ್ಳಿ. ಎರಡೂ ಒಟ್ಟಿಗೆ ಕೈಕೊಡುವ ಸಂಭವ 100 ಗುಣಿಸು 100, ಅಂದರೆ 10,000ದಲ್ಲಿ ಒಮ್ಮೆ. ಕೇಳಲು ನೆಮ್ಮದಿ ಎನಿಸುತ್ತದೆ. ಆದರೆ ಹೀಗೆ ಗುಣಿಸುವ ಮೊದಲು ಸರ್ ಒಂದು ಶಬ್ದವನ್ನು ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಬರೆಯುತ್ತಾರಲ್ಲ: ಸ್ವತಂತ್ರ ಘಟನೆಗಳು. ಎರಡೂ ಘಟನೆ ಒಂದರ ಮೇಲೊಂದು ಅವಲಂಬಿಸಿರದಿದ್ದರೆ ಮಾತ್ರ ಗುಣಾಕಾರ. ಎರಡೂ ಇಂಜಿನ್ನಿಗೆ ಒಂದೇ ಕಾರ್ಖಾನೆಯ, ಒಂದೇ ಬಗೆಯ ಕೆಟ್ಟ ಶೆಲ್ಲು ಹಾಕಿದ್ದರೆ ಅವು ಸ್ವತಂತ್ರ ಅಲ್ಲ. ಒಂದರಲ್ಲಿ ತಾಮ್ರ ಕಂಡಿತೆಂದರೆ ಇನ್ನೊಂದರಲ್ಲೂ ಕಾಣುವ ಹೊತ್ತು ಬಂದಿದೆ ಎಂದೇ ಅರ್ಥ. ಎರಡು ಇಂಜಿನ್ ಇದ್ದೂ, ಲೆಕ್ಕಕ್ಕೆ ಒಂದೇ ಇಂಜಿನ್. ತ್ರಿಕಾಸ್ತಾಂನ ಆ ರಿಯಾಕ್ಟರುಗಳಲ್ಲಿ ಎರಡೂ ಡೀಸೆಲ್ಲಿಗೆ ಆ ಹೊಸ ಶೆಲ್ಲೇ ಬಿದ್ದಿತ್ತು. ಅದಕ್ಕೇ ಮೆಟ್ಟಿಲು ಮೇಲಕ್ಕೆ ಹೋಯಿತು. ಪರೀಕ್ಷೆಗೆಂದು ಈ ಪಾಠ ಓದುವಾಗ ನಾಣ್ಯ, ದಾಳ, ಇಸ್ಪೀಟು ಎಲೆ ಮಾತ್ರ ಕಂಡಿದ್ದವು. ಆ ಒಂದು ಶಬ್ದದ ಭಾರ ನನಗೆ ತಿಳಿದದ್ದು ಈ ಶೆಲ್ಲಿನಿಂದ.

ಒಂದೇ ಕಾರಣ ಎಲ್ಲವನ್ನೂ ಒಟ್ಟಿಗೆ ಕೆಡಿಸುವುದು ದೋಷದಿಂದಲೇ ಆಗಬೇಕೆಂದಿಲ್ಲ. ತ್ರಿಕಾಸ್ತಾಂನ ಪ್ರಕಟಣೆ ಬಂದು ತಿಂಗಳು ತುಂಬುವುದರೊಳಗೆ, 2011ರ ಮಾರ್ಚ್ 11ರಂದು, ಜಪಾನಿನ ಫುಕುಶಿಮಾದಲ್ಲಿ ಭೂಕಂಪವಾಯಿತು. ಗ್ರಿಡ್ಡಿನ ಕರೆಂಟು ಹೋಯಿತು, ಡೀಸೆಲ್ಲುಗಳು ಹೇಳಿದ ಹಾಗೆ ಎದ್ದು ಓಡಿದವು. ಸುಮಾರು 50 ನಿಮಿಷಕ್ಕೆ ಸುನಾಮಿಯ ನೀರು ಬಂತು. ಹೆಚ್ಚಿನ ಇಂಜಿನ್‌ಗಳೂ ಸ್ವಿಚ್‌ಬೋರ್ಡುಗಳೂ ತಗ್ಗಿನಲ್ಲಿ, ನೆಲಮಾಳಿಗೆಯಲ್ಲಿದ್ದವು. 13 ಡೀಸೆಲ್ಲುಗಳಲ್ಲಿ 12 ನಿಂತವು. ಉಳಿದದ್ದು ಆರನೇ ಘಟಕದ ಒಂದು, ನೀರಿನ ಬದಲು ಗಾಳಿಯಿಂದ ತಣಿಯುವ ಇಂಜಿನ್. ಅದರ ಕರೆಂಟಿನಿಂದ ಐದು ಮತ್ತು ಆರನೇ ಘಟಕ ಬದುಕಿಕೊಂಡವು. ಒಂದು, ಎರಡು, ಮೂರನೇ ಘಟಕಗಳ ಇಂಧನ ಕರಗಿತು. ದೂಧಗಂಗಾ ಏರುತ್ತಿದೆ ಎಂಬ ಸುದ್ದಿ ಬಂದರೆ ನಮ್ಮ ಊರಿನವರು ಮೊದಲು ಓಡುವುದು ಹೊಳೆಯ ದಂಡೆಯ ಮೋಟಾರು ಎತ್ತಲು. 2019ರಲ್ಲೂ 2021ರಲ್ಲೂ ಅದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಮನೆಯಷ್ಟು ದೊಡ್ಡ ಇಂಜಿನ್ನನ್ನು ಹಾಗೆ ಎತ್ತಲಾಗದು. ಕಟ್ಟುವ ದಿನವೇ ಎತ್ತರದಲ್ಲಿ ಇಡಬೇಕು. ಎಲ್ಲವನ್ನೂ ಒಂದೇ ಜಾಗದಲ್ಲಿ, ಒಂದೇ ಬಗೆಯಲ್ಲಿ ತಣಿಯುವಂತೆ ಇಡಬಾರದು ಎಂಬುದನ್ನು ಆ ಒಂದು ಗಾಳಿ ಇಂಜಿನ್ ತೋರಿಸಿತು.

ಹಾಗಾದರೆ ದಿನಾಲೂ ಓಡಿಸಿ ಪರೀಕ್ಷೆ ಮಾಡಿದರಾಯಿತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಅಲ್ಲಿಯೂ ಒಂದು ತೊಡಕಿದೆ. ತಣ್ಣಗಿನ ಇಂಜಿನ್ನನ್ನು ಏಕಾಏಕಿ ಎಬ್ಬಿಸಿ ಭಾರ ಹಾಕಿದರೆ, ಎಣ್ಣೆಯ ಪೊರೆ ಕೂಡುವ ಮೊದಲೇ ಶಾಫ್ಟು ಶೆಲ್ಲಿಗೆ ಉಜ್ಜುತ್ತದೆ. ಪರೀಕ್ಷೆಯೇ ಇಂಜಿನ್ನನ್ನು ಸವೆಸುತ್ತದೆ. ಅಮೆರಿಕದ ಅಣು ನಿಯಂತ್ರಣ ಆಯೋಗ 1984ರಲ್ಲಿ ಇದನ್ನು ಒಪ್ಪಿಕೊಂಡು, ತಣ್ಣಗಿನಿಂದ ಸರ್ರನೆ ಎಬ್ಬಿಸುವ ಪರೀಕ್ಷೆಗಳನ್ನು ಕಡಿಮೆ ಮಾಡುವಂತೆ ಸೂಚಿಸಿತು. ಕಡಿಮೆ ಪರೀಕ್ಷಿಸಿದರೆ ದೋಷ ಅಡಗಿ ಕೂರುತ್ತದೆ, ಹೆಚ್ಚು ಪರೀಕ್ಷಿಸಿದರೆ ದೋಷ ಹುಟ್ಟುತ್ತದೆ. ಇದಕ್ಕೆ ಒಂದು ಸರಿಯಾದ ಸಂಖ್ಯೆ ಪುಸ್ತಕದಲ್ಲಿ ಸಿಗುವುದಿಲ್ಲ. ಅನುಭವದಿಂದ ತೂಗಿ ನೋಡಬೇಕು. ಚಾಚಾ ಕೂಡ ಚಳಿಗಾಲದ ಬೆಳಿಗ್ಗೆ ಟ್ರ್ಯಾಕ್ಟರ್ ಚಾಲೂ ಮಾಡಿ ಐದು ನಿಮಿಷ ಹಾಗೇ ಬಿಡುತ್ತಾರೆ, ಯಾವ ಆಯೋಗದ ಸುತ್ತೋಲೆಯೂ ಇಲ್ಲದೆ.

ಆದ್ದರಿಂದ ದೋಷ ಹಿಡಿಯುವ ಮುಖ್ಯ ಜಾಗ ಸ್ಥಾವರವಲ್ಲ, ಕಾರ್ಖಾನೆ. ಈ ಮಾತನ್ನು ನಾನು ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಬರೆಯುತ್ತಿರುವುದಕ್ಕೆ ಕಾರಣವೂ ಇದೆ. ನಮ್ಮಲ್ಲಿ ಎಷ್ಟೋ ಜನರ ಅಣ್ಣಂದಿರು ಕೊಲ್ಹಾಪುರದ ಗೋಕುಲ ಶಿರಗಾಂವ್, ಶಿರೋಳಿ, ಕಾಗಲ್‌ನ ಕಾರ್ಖಾನೆಗಳಿಗೆ ಇಲ್ಲವೇ ಬೆಳಗಾವಿಯ ಉದ್ಯಮಬಾಗಕ್ಕೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಎರಕ ಹೊಯ್ಯುತ್ತಾರೆ, ಲೇತ್ ನಡೆಸುತ್ತಾರೆ, ಇಂಜಿನ್ ಭಾಗಗಳನ್ನು ಅಳೆದು ಪೆಟ್ಟಿಗೆಗೆ ತುಂಬುತ್ತಾರೆ. ನಾಳೆ ನಾವೂ ಹೋಗುವವರೇ. ಎರಕದ ಭಾಗದ ಮೇಲೆ ಒಂದು ನಂಬರು ಇರುತ್ತದೆ, ಹೀಟ್ ನಂಬರ್. ಯಾವ ಕುಲುಮೆಯಲ್ಲಿ ಒಮ್ಮೆಗೆ ಕರಗಿಸಿದ ಲೋಹ ಅದು ಎಂಬುದನ್ನು ಆ ನಂಬರು ಹೇಳುತ್ತದೆ. ಹತ್ತು ವರ್ಷದ ಮೇಲೆ ಒಂದು ಭಾಗ ಬಿರುಕು ಬಿಟ್ಟರೆ, ಅದೇ ಕರಗಿನಿಂದ ಹುಟ್ಟಿದ ಅಣ್ಣತಮ್ಮಂದಿರು ಎಲ್ಲೆಲ್ಲಿದ್ದಾರೆ ಎಂದು ಹುಡುಕಲು ಇರುವ ದಾರಿ ಅದೊಂದೇ. ನಂಬರು ಮಾಸಿಹೋಗಿದ್ದರೆ, ಅಥವಾ ರಿಜಿಸ್ಟರಿನಲ್ಲಿ ಅಂದಾಜಿನಿಂದ ಬರೆದಿದ್ದರೆ, ದಾರಿ ಅಲ್ಲಿಗೇ ಮುಚ್ಚಿತು.

ಬಿರುಕು ಹಿಡಿಯುವ ವಿಧಾನಗಳೂ ಅಷ್ಟೇನು ಗೂಢವಲ್ಲ. ಒಂದು ಬಗೆಯಲ್ಲಿ ಕೆಂಪು ಬಣ್ಣದ ತೆಳು ದ್ರವ ಬಳಿದು, ಸ್ವಲ್ಪ ಹೊತ್ತು ಬಿಟ್ಟು, ಮೇಲಿನದನ್ನು ಒರೆಸಿ, ಬಿಳಿ ಪುಡಿಯ ಲೇಪ ಸಿಂಪಡಿಸುತ್ತಾರೆ. ಬಿರುಕಿನೊಳಗೆ ಇಳಿದಿದ್ದ ಕೆಂಪು ಮೆಲ್ಲನೆ ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಮಸಿ ಹೀರುವ ಕಾಗದದ ತತ್ವವೇ. ನಾವು ಓದುವ ಲೋಮನಾಳ ಕ್ರಿಯೆ. ಮೇಲ್ಮೈಗೆ ತೆರೆದುಕೊಳ್ಳದ, ಒಳಗೇ ಅಡಗಿದ ಪೊಳ್ಳಿಗೆ ಶ್ರವಣಾತೀತ ಧ್ವನಿ ಬಿಟ್ಟು ಪ್ರತಿಧ್ವನಿ ಕೇಳುತ್ತಾರೆ, ಆಸ್ಪತ್ರೆಯ ಸ್ಕ್ಯಾನಿಂಗಿನ ಹಾಗೆ.

ಯಂತ್ರ ಸುಳ್ಳು ಹೇಳುವುದಿಲ್ಲ, ಕಾಗದ ಹೇಳುತ್ತದೆ. ದಕ್ಷಿಣ ಕೊರಿಯಾದಲ್ಲಿ 2012ರಲ್ಲಿ, ಸ್ಥಾವರಗಳಿಗೆ ಬಂದ ಸಾವಿರಾರು ಬಿಡಿಭಾಗಗಳ ಗುಣಮಟ್ಟದ ಪ್ರಮಾಣಪತ್ರಗಳೇ ನಕಲಿ ಎಂದು ಬಯಲಾಗಿ ಎರಡು ರಿಯಾಕ್ಟರುಗಳನ್ನು ನಿಲ್ಲಿಸಬೇಕಾಯಿತು. ಹೆಚ್ಚಿನವು ಫ್ಯೂಜು, ಸ್ವಿಚ್ಚು, ಫ್ಯಾನಿನಂಥ ಚಿಲ್ಲರೆ ಸಾಮಾನು. ಚಳಿಗಾಲದ ಹೊತ್ತಿಗೆ ಆ ದೇಶಕ್ಕೆ ಕರೆಂಟಿನ ಅಭಾವದ ಭಯ ಎದುರಾಯಿತು. ಅಮೆರಿಕದಲ್ಲಿ 1977ರಿಂದಲೇ ಒಂದು ನಿಯಮವಿದೆ: ಅಣು ಸ್ಥಾವರಕ್ಕೆ ಸುರಕ್ಷತೆಯ ಭಾಗ ಪೂರೈಸುವವರು, ತಾವು ಕೊಟ್ಟದ್ದರಲ್ಲಿ ಅಪಾಯಕರ ದೋಷವಿದೆ ಎಂದು ಗೊತ್ತಾದರೆ ತಾವಾಗಿಯೇ ಆಯೋಗಕ್ಕೆ ತಿಳಿಸಬೇಕು. ತಿಳಿಸದಿದ್ದರೆ ದಂಡ. ಮಾರಿದ ಮೇಲೆ ನನ್ನ ಜವಾಬ್ದಾರಿ ಮುಗಿಯಿತು ಎನ್ನುವಂತಿಲ್ಲ. ಒಂದು ಸ್ಥಾವರದ ಶೆಲ್ಲಿನ ಸುದ್ದಿ ಹೀಗೆ ಉಳಿದ ಸ್ಥಾವರಗಳಿಗೂ ಮುಟ್ಟುತ್ತದೆ. ನಮ್ಮಲ್ಲಿ ಸ್ಥಾವರಗಳ ಮೇಲೆ ಕಣ್ಣಿಡುವ ಕೆಲಸ 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿಯದು, ಕಚೇರಿ ಮುಂಬಯಿಯಲ್ಲಿ.

ಕೈಗಾದಲ್ಲಿ ಇನ್ನೆರಡು ಘಟಕಗಳು ಬರಲಿವೆ, ಒಂದೊಂದೂ 700 ಮೆಗಾವ್ಯಾಟ್. ಈಗಿನ ಘಟಕದ ಮೂರು ಪಟ್ಟಿಗಿಂತ ಹೆಚ್ಚು. ನಿಂತ ಮೇಲೆ ಉಳಿಯುವ ಬಿಸಿಯೂ ಅದೇ ಅಳತೆಯಲ್ಲಿ ಹೆಚ್ಚು. ಅವಕ್ಕೂ ಡೀಸೆಲ್ ಇಂಜಿನ್ ಬೇಕು. ಆ ಇಂಜಿನ್ನಿಗೆ ಬ್ಲಾಕು, ಹೆಡ್ಡು, ಪಿಸ್ಟನ್, ಶೆಲ್ಲು ಎಲ್ಲೋ ಒಂದು ಕಡೆ ಯಾರೋ ಎರಕ ಹೊಯ್ಯುತ್ತಾರೆ, ಯಾರೋ ಅಳೆಯುತ್ತಾರೆ, ಯಾರೋ ಸಹಿ ಮಾಡುತ್ತಾರೆ. ಚಾಚಾನ ಡಬ್ಬಿಯಿಂದ ಎರಡು ಶೆಲ್ಲು ಕೇಳಿ ತಂದಿದ್ದೇನೆ, ಒಂದು ಹೊಸದು, ಒಂದು ತಾಮ್ರ ಕಂಡದ್ದು. ಭೌತಶಾಸ್ತ್ರ ಲ್ಯಾಬಿನಲ್ಲಿ ಸ್ಕ್ರೂಗೇಜಿನ ಪಕ್ಕದಲ್ಲಿಟ್ಟಿದ್ದೇನೆ. ಎರಡರ ದಪ್ಪವನ್ನೂ ಅಳೆದು ನೋಡಿ. ವ್ಯತ್ಯಾಸ ಎಷ್ಟು ಎಂದು ನಾನು ಇಲ್ಲಿ ಬರೆಯುವುದಿಲ್ಲ.